ಡೋನರ್ ಕಾರಿನ ಲಾಗ್‌ಬುಕ್ ಗುಜರಿಯವನ ಕೈಗೆ ಕೊಟ್ಟು ಕೆಟ್ಟೆ

ಇಂಗ್ಲೆಂಡಿನಲ್ಲಿರುವ ನಮ್ಮವರು ಈಚೆಗೆ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದರು. "ನೀವು ಮನೆಯಲ್ಲೇ ಕಾರು ಕಟ್ಟಿದ್ದೀರಂತೆ, ನಾನೂ ಕಟ್ಟಬಹುದಾ?" ಕಟ್ಟಬಹುದು. ನಾನು ಕಟ್ಟಿದ ಹಾಗೆ ಮಾತ್ರ ಕಟ್ಟಬೇಡಿ. ಒಬ್ಬೊಬ್ಬರಿಗೂ ಫೋನಿನಲ್ಲಿ ಇದೇ ಪುರಾಣ ಹೇಳಿ ಸಾಕಾಗಿದೆ, ಅದಕ್ಕೆ ಬರೆದೇ ಬಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕಿಟ್ ಕಾರು ಅಂದರೆ ಚಿಕ್ಕ ಕಂಪನಿಯೊಂದು ಹೊಸ ಚಾಸಿ, ಬಾಡಿ ಪ್ಯಾನೆಲ್ ಮಾರುತ್ತದೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಸಸ್ಪೆನ್ಷನ್, ಸ್ಟೀರಿಂಗ್, ವೈರಿಂಗ್ ಇವನ್ನೆಲ್ಲ ಒಂದು ಹಳೇ ಕಾರಿನಿಂದ ಬಿಚ್ಚಿ ನಾವೇ ಕೂರಿಸಬೇಕು. ಆ ಹಳೇ ಕಾರಿಗೆ ಡೋನರ್ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಇದು ಬಹಳ ಹಳೆಯ ಹುಚ್ಚು. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಜನ ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸುತ್ತಿದ್ದರು. ಜೋಡಿಸಿದ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಇತ್ತು, ಬಿಡಿಭಾಗಕ್ಕೆ ಇರಲಿಲ್ಲ, ಅಷ್ಟೇ ಗುಟ್ಟು. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಹುಚ್ಚು ಹೋಗಲಿಲ್ಲ.

ನಾನು ಶಿವಮೊಗ್ಗದವನು. ಆಟೋ ಕಾಂಪ್ಲೆಕ್ಸ್‌ನಲ್ಲಿ ಸೋದರಮಾವನ ಗ್ಯಾರೇಜಿತ್ತು. ಬೇಸಿಗೆ ರಜೆಯೆಲ್ಲ ಅಲ್ಲಿ ಸ್ಪ್ಯಾನರ್ ಎತ್ತಿಕೊಟ್ಟು ಬೆಳೆದವನು. ಈಗ ಕೊವೆಂಟ್ರಿಯಲ್ಲಿ ಆಫೀಸ್ ಕೆಲಸ. ಬಿಚ್ಚಿ ಜೋಡಿಸೋದು ಏನು ಮಹಾ ಅಂತ ಧೈರ್ಯ. 2019ರ ಮಾರ್ಚ್‌ನಲ್ಲಿ 850 ಪೌಂಡ್ ಕೊಟ್ಟು 1999ರ ಮಜ್ದಾ ಎಂಎಕ್ಸ್-5 ತಂದೆ. ಕಿಟ್ ಕಟ್ಟುವವರಿಗೆ ಇದು ಅಚ್ಚುಮೆಚ್ಚಿನ ಡೋನರ್. ಎಂಜಿನ್ ಮುಂದೆ, ಎಳೆಯೋದು ಹಿಂದಿನ ಚಕ್ರ, ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಹಿಡಿದಿಡುವ ಮೇಲೊಂದು ಕೆಳಗೊಂದು ತೋಳು. ಬಾಡಿ ತುಕ್ಕು ಹಿಡಿದು ಎಂಒಟಿ (ಇಲ್ಲಿನ ವಾರ್ಷಿಕ ಫಿಟ್ನೆಸ್ ಪರೀಕ್ಷೆ) ಪಾಸಾಗದ ಕಾರುಗಳು ಅಗ್ಗಕ್ಕೆ ಸಿಗುತ್ತವೆ. ಬಾಡಿ ನಮಗೆ ಹೇಗೂ ಬೇಡ, ಅಲ್ವಾ?

ಬೇಡ, ನಿಜ. ಆದರೆ ಬಾಡಿ ತಿಂದ ತುಕ್ಕು ಬೋಲ್ಟುಗಳನ್ನು ಬಿಟ್ಟಿರುವುದಿಲ್ಲ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಇಪ್ಪತ್ತು ವರ್ಷ ಆ ಉಪ್ಪುನೀರಲ್ಲಿ ಓಡಿದ ಯಾವ ಕಾರೂ ಹೀಗೇ. ಕೆಳಗಿನ ವಿಶ್‌ಬೋನಿನ ಉದ್ದ ಬೋಲ್ಟು ಬುಷ್ (ರಬ್ಬರಿನ ಬಳೆ) ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡು ಒಂದಾಗಿಬಿಟ್ಟಿರುತ್ತದೆ. ನಟ್ಟು ಬಿಚ್ಚುತ್ತದೆ, ಬೋಲ್ಟು ಅಲ್ಲಾಡುವುದಿಲ್ಲ. ಎಣ್ಣೆ ಬಿಟ್ಟೆ, ಬಿಸಿ ಮಾಡಿದೆ, ಸುತ್ತಿಗೆಯಲ್ಲಿ ಹೊಡೆದೆ. ಕೊನೆಗೆ ಗ್ರೈಂಡರ್ ಹಿಡಿದು ಕತ್ತರಿಸಿದೆ. ಒಂದೇ ಒಂದು ಬೋಲ್ಟಿಗೆ ಎರಡು ಶನಿವಾರ ಹೋಯಿತು. ಅಂಥವು ಆರು ಇದ್ದವು. ಡೋನರ್ ನೋಡಲು ಹೋದಾಗ ಎಂಜಿನ್ ಸದ್ದು ಕೇಳಿ ಮರುಳಾಗಬೇಡಿ, ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿ.

ಜಾಗದ ವಿಚಾರವೂ ಇದೆ. ಇಲ್ಲಿನ ಮನೆಗಳ ಸಿಂಗಲ್ ಗ್ಯಾರೇಜಿನ ಅಗಲ ಎರಡೂವರೆ ಮೀಟರ್ ಆಸುಪಾಸು. ಅದರಲ್ಲಿ ಒಂದು ಕಾರು ನಿಲ್ಲಿಸಿ ಬಾಗಿಲು ತೆಗೆಯುವುದೇ ಕಷ್ಟ. ನನ್ನ ಹತ್ತಿರ ಒಂದು ಸಮಯದಲ್ಲಿ ಅರ್ಧ ಬಿಚ್ಚಿದ ಮಜ್ದಾ, ಹೊಸ ಚಾಸಿ, ನೆಲಕ್ಕೆ ಇಳಿಸಿದ ಎಂಜಿನ್, ಮಗಳ ಸೈಕಲ್ ಎಲ್ಲವೂ ಇದ್ದವು. ಮಜ್ದಾ ಅಂಗಳಕ್ಕೆ ಬಂತು, ಬಾನೆಟ್ ಇಲ್ಲ, ಚಕ್ರ ಇಲ್ಲ, ಮೇಲೆ ನೀಲಿ ಟಾರ್ಪಾಲು. ಪಕ್ಕದ ಮನೆಯ ಅಜ್ಜಿ ಮೊದಲ ತಿಂಗಳು ಹೇಗೆ ನಡೀತಿದೆ ಅಂತ ಕೇಳುತ್ತಿದ್ದರು. ಮೂರನೇ ತಿಂಗಳು ಯಾವಾಗ ಹೋಗುತ್ತೆ ಅಂತ ಕೇಳತೊಡಗಿದರು.

ಆ ಅವಸರವೇ ನನ್ನನ್ನು ಕೆಡಿಸಿದ್ದು.

ಬೇಕಾದ್ದನ್ನೆಲ್ಲ ಬಿಚ್ಚಿಕೊಂಡ ಮೇಲೆ ಗುಜರಿಯವನಿಗೆ ಫೋನ್ ಮಾಡಿದೆ. ಪರವಾನಗಿ ಇರುವವನೇ, ಮೋಸದವನಲ್ಲ. ಎಂಜಿನ್ ಇಲ್ಲದ ಕಾರಿಗೆ ದುಡ್ಡು ಹುಟ್ಟೋದೇ ಕಷ್ಟ, ಕೆಲವರು ನಮ್ಮಿಂದಲೇ ಕೇಳುತ್ತಾರೆ. ಇವನು 40 ಪೌಂಡ್ ಕೊಡುತ್ತೇನೆ ಅಂದ. ಇಲ್ಲಿ ಗುಜರಿಗೆ ನಗದು ಕೊಡುವ ಹಾಗಿಲ್ಲ, ಖಾತೆಗೇ ಹಾಕಿದ. ಲಾರಿಗೆ ಏರಿಸಿ ಆದ ಮೇಲೆ "ಲಾಗ್‌ಬುಕ್ ಇದೆಯಾ?" ಅಂದ. ಲಾಗ್‌ಬುಕ್ ಅಂದರೆ ವಿ5ಸಿ, ನಮ್ಮ ಆರ್‌ಸಿ ಇದ್ದ ಹಾಗೆ. ಒಳಗೆ ಹೋಗಿ ತಂದು ಕೊಟ್ಟೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ "ಏನ್ರೀ, ಆ ಪೇಪರ್ ನಿಮಗೆ ಬೇಡ್ವಾ?" ಅಂದಳು. ಕಾರೇ ಹೋದ ಮೇಲೆ ಪೇಪರ್ ಯಾಕೆ ಅಂದೆ. ಕೆಲವು ದಿನ ಬಿಟ್ಟು ಕಾರು ನಾಶವಾಗಿದೆ ಅನ್ನುವ ಸರ್ಟಿಫಿಕೇಟ್ ಬಂತು. ಎಲ್ಲ ಅಚ್ಚುಕಟ್ಟಾಗಿ ಮುಗಿಯಿತು ಅಂತ ಅದನ್ನು ಫೈಲಿಗೆ ಹಾಕಿ ಟೀ ಕುಡಿದೆ.

ಇದರ ಬೆಲೆ ಗೊತ್ತಾಗಿದ್ದು ಮೂರು ವರ್ಷ ಆದ ಮೇಲೆ. ಅದಕ್ಕೆ ಬರುತ್ತೇನೆ. ನಡುವೆ ನಡೆದದ್ದನ್ನು ಬೇಗ ಹೇಳಿಬಿಡುತ್ತೇನೆ.

ಬಿಚ್ಚುವಾಗ ವೈರಿಂಗಿಗೆ ಚೀಟಿ ಅಂಟಿಸಲಿಲ್ಲ. ನೆನಪಿರುತ್ತೆ ಅಂದುಕೊಂಡೆ. ಆರು ತಿಂಗಳಾದ ಮೇಲೆ ಕಪ್ಪು ಗೆರೆಯ ಕೆಂಪು ವೈರ್ ಯಾವುದು, ಹಸಿರು ಗೆರೆಯ ಕೆಂಪು ಯಾವುದು, ದೇವರಿಗೇ ಗೊತ್ತು. ಕೀಲಿಯದು ಇನ್ನೊಂದು ಕಥೆ. ಈ ಕಾರಿನ ಕೀಲಿಯೊಳಗೆ ಚಿಪ್ ಇದೆ, ಅದನ್ನು ಗುರುತಿಸದಿದ್ದರೆ ಎಂಜಿನ್ ಶುರುವಾಗುವುದಿಲ್ಲ. ನಾನು ಎಂಜಿನ್ ಕಂಪ್ಯೂಟರ್ ಎತ್ತಿಟ್ಟುಕೊಂಡಿದ್ದೆ. ಆ ಚಿಪ್ ಓದುವ, ಇಗ್ನಿಷನ್ ಬೀಗದ ಸುತ್ತ ಇದ್ದ ಸಣ್ಣ ರಿಂಗನ್ನು ಕಸ ಅಂತ ಎಸೆದಿದ್ದೆ. ಕಿಟ್ ಓಡುವವರೆಗೆ ಡೋನರಿನ ಯಾವ ತುಣುಕನ್ನೂ ಎಸೆಯಬೇಡಿ, ಬಾಗಿಲಿನ ಸ್ವಿಚ್ಚನ್ನೂ.

ಒಂದು ಸಲ ಪ್ರಾಣಕ್ಕೇ ಬರುತ್ತಿತ್ತು. ಹಳೇ ಟ್ಯಾಂಕಿನ ಪೆಟ್ರೋಲನ್ನು ಗ್ಯಾರೇಜಿನೊಳಗೆ, ಬಾಗಿಲು ಹಾಕಿಕೊಂಡು, ಪ್ಲಾಸ್ಟಿಕ್ ಬಕೆಟ್ಟಿಗೆ ಇಳಿಸುತ್ತಿದ್ದೆ. ಹೊರಗೆ ಚಳಿ. ಮನೆಯ ಗ್ಯಾಸ್ ಬಾಯ್ಲರ್ ಅದೇ ಗ್ಯಾರೇಜಿನ ಮೂಲೆಯಲ್ಲಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತಾ ಹೋಗುತ್ತದೆ. ಬಾಯ್ಲರ್ ಟಕ್ ಅಂತ ಶುರುವಾಗುವ ಸದ್ದು ಕೇಳಿತು ನೋಡಿ, ಬಕೆಟ್ ಎತ್ತಿಕೊಂಡು ಓಡಿದ್ದು ಇನ್ನೂ ನೆನಪಿದೆ. ಬಯಲಿನಲ್ಲಿ, ಸರಿಯಾದ ಕ್ಯಾನಿಗೆ ಇಳಿಸಿ. ಇದನ್ನು ನಾನು ಮಾವನಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಅಲ್ಲಿಂದಲೇ ಬೈಗುಳ ಬರುತ್ತೆ.

ದುಡ್ಡಿನ ಲೆಕ್ಕ ಕೇಳುತ್ತೀರಿ, ಗೊತ್ತು. 5,000 ಪೌಂಡಿನಲ್ಲಿ ಮುಗಿಸುತ್ತೇನೆ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೆ. 11,400 ಆಯಿತು. ಕಿಟ್ ಮಾರಿದವರು ಸುಳ್ಳು ಹೇಳಲಿಲ್ಲ. "ಡೋನರ್ ಒಂದಿದ್ದರೆ ಸಾಕು" ಅಂದರು, ನಾನು ಅದನ್ನು ಹಾಗೇ ನಂಬಿದೆ. ಸೀಟು, ಸೀಟ್ ಬೆಲ್ಟು, ಲೈಟು, ಕನ್ನಡಿ, ಟೈರು, ಸೈಲೆನ್ಸರ್ ಯಾವುದೂ ಆ ದರದಲ್ಲಿರಲಿಲ್ಲ. ಬ್ರೇಕ್ ಕ್ಯಾಲಿಪರ್ ನಾಲ್ಕೂ ಹಿಡಿದುಕೊಂಡಿದ್ದವು, ಬುಷ್ ಎಲ್ಲ ಸತ್ತಿದ್ದವು. ನಟ್ಟು ಬೋಲ್ಟಿಗೇ 200 ಪೌಂಡ್ ಮುಟ್ಟಿತು ಅಂದರೆ ನಂಬುತ್ತೀರಾ? ಹಳೇ ಸಾಮಾನು ಮಾರುವ ಭಾನುವಾರದ ಸಂತೆಗಳಲ್ಲಿ ಸುಮಾರು ಸಾಮಾನನ್ನು ನಗದು ಕೊಟ್ಟು ತಂದೆ. ರಸೀದಿ ಕೇಳಲಿಲ್ಲ. ಅದೂ ಮುಂದೆ ಕಾಡಿತು.

ಕಾರು ಓಡಿದರೆ ಆಯಿತಾ? ಇಲ್ಲ. ಮನೆಯಲ್ಲಿ ಕಟ್ಟಿದ ಕಾರು ಇಲ್ಲಿ ಐವಿಎ ಅನ್ನುವ ಪರೀಕ್ಷೆ ಪಾಸಾಗಬೇಕು. ವಾಹನ ಪರೀಕ್ಷೆಯ ಸರ್ಕಾರಿ ಸಂಸ್ಥೆ ಡಿವಿಎಸ್‌ಎಯವರು ಮಾಡುತ್ತಾರೆ. ನಾನು 450 ಪೌಂಡ್ ಕಟ್ಟಿದೆ. ಬೆಳಿಗ್ಗೆಯಿಂದ ಒಬ್ಬರು ಟಾರ್ಚ್, ಅಳತೆಪಟ್ಟಿ, ಒಂದು ಉಂಡೆ ಹಿಡಿದು ಕಾರಿನ ಸುತ್ತ ತಿರುಗುತ್ತಾರೆ. ಹೌದು, ಉಂಡೆ. ನೂರು ಮಿಲಿಮೀಟರಿನ ಆ ಉಂಡೆ ಕಾರಿನ ಹೊರಗೆ ಎಲ್ಲೆಲ್ಲಿ ತಾಗುತ್ತದೋ ಅಲ್ಲಿನ ಅಂಚು ಕಡಿಮೆ ಅಂದರೆ 2.5 ಮಿಲಿಮೀಟರ್ ರೇಡಿಯಸ್ಸಿಗೆ ದುಂಡಗಿರಬೇಕು. ಪಾದಚಾರಿಗೆ ತಾಗಿದರೆ ಸೀಳಬಾರದು ಅಂತ. ನನ್ನ ಕಾರಿನಲ್ಲಿ ಬೋಲ್ಟಿನ ತುದಿಗಳು ಮುಳ್ಳುಹಂದಿಯ ಹಾಗೆ ಹೊರಗೆ ಚಾಚಿದ್ದವು. ಪೆಟ್ರೋಲ್ ಪೈಪಿಗೆ ಒಂದು ಕಡೆ ಕ್ಲಿಪ್ ಇರಲಿಲ್ಲ. ಸ್ಟೀರಿಂಗ್ ತಿರುಗಿಸಿ ಕೈಬಿಟ್ಟರೆ ತಾನಾಗಿ ನೇರಕ್ಕೆ ಬರಬೇಕು, ಬರಲಿಲ್ಲ. ಸಾವಿರ ಕೆಜಿಯ ಕಾರಿಗೆ ಹೊಂದಿಸಿದ ಸಸ್ಪೆನ್ಷನ್ ಅದು. ನನ್ನದು 700 ಕೆಜಿ ಆಸುಪಾಸು. ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಬಾಗಿದ ಕೋನ, ಜಾಸ್ತಿ ಮಾಡಿ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕಾಯಿತು. ಮೊದಲ ಸಲ ಫೇಲ್. ಪರೀಕ್ಷೆ ಮಾಡಿದವರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ, ಅವರು ಬರೆದುಕೊಟ್ಟ ಒಂದೊಂದು ಸಾಲೂ ಸರಿ ಇತ್ತು. ಸದ್ದು ಮಾತ್ರ ಒಂದೇ ಏಟಿಗೆ ಪಾಸಾಯಿತು. ಮಿತಿ 99 ಡೆಸಿಬಲ್, ನಮ್ಮ ಬೀದಿಯವರು ಕೇಳಿದರೆ ಒಪ್ಪಲಿಕ್ಕಿಲ್ಲ. ಮರುಪರೀಕ್ಷೆಗೆ 90 ಪೌಂಡ್, ಟ್ರೇಲರ್ ಬಾಡಿಗೆ ಬೇರೆ.

2022ರ ಸೆಪ್ಟೆಂಬರಿನಲ್ಲಿ ಪಾಸಾದೆ. ಮನೆಯಲ್ಲಿ ಪಾಯಸ ಮಾಡಿದ್ದರು. ಇನ್ನು ನಂಬರ್ ಬರೋದೊಂದೇ ಬಾಕಿ ಅಂತ ಇಲ್ಲಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಗೆ ಅರ್ಜಿ ತುಂಬಲು ಕೂತೆ.

ಇಲ್ಲಿ ಓದಿ, ಉಳಿದದ್ದು ಮರೆತರೂ ಪರವಾಗಿಲ್ಲ. ಹೊಸ ಕಿಟ್ ಚಾಸಿಗೆ ಒಂದೇ ಡೋನರಿನಿಂದ ಕನಿಷ್ಠ ಎರಡು ಮುಖ್ಯ ಭಾಗ ಹಾಕಿದ್ದರೆ, ಡೋನರಿನ ವಯಸ್ಸಿಗೆ ತಕ್ಕ ಮಾಮೂಲಿ ನಂಬರ್ ಸಿಗುತ್ತದೆ. ನನ್ನದರಲ್ಲಿ ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್, ಸ್ಟೀರಿಂಗ್ ಎಲ್ಲ ಆ ಒಂದೇ ಮಜ್ದಾದವು. ಆದರೆ ಅದನ್ನು ತೋರಿಸುವುದು ಹೇಗೆ? ಅರ್ಜಿಯ ಜೊತೆ ಡೋನರಿನ ವಿ5ಸಿ ಇಡಬೇಕು. ನನ್ನದು ಗುಜರಿಗೆ ಹೋಗಿದೆ. ಸರ್ಕಾರದ ದಾಖಲೆಯಲ್ಲಿ ಆ ಕಾರು ಪೂರ್ತಿ ನಾಶವಾಗಿದೆ, ಹಾಗಂತ ಸಾರುವ ಸರ್ಟಿಫಿಕೇಟನ್ನು ನಾನೇ ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಬಿಚ್ಚುವಾಗ ತೆಗೆದ ಫೋಟೋಗಳು ಹಳೇ ಫೋನಿನ ಜೊತೆ ಹೋದವು. ರಸೀದಿ ಅರ್ಧಕ್ಕರ್ಧ ಇಲ್ಲ. ಕಾರಿನ ವಯಸ್ಸು ಸಾಬೀತಾಗದಿದ್ದರೆ ಕೊಡುವುದು ಕ್ಯೂ ನಂಬರ್, ಅಂದರೆ ಕ್ಯೂ ಅಕ್ಷರದಿಂದ ಶುರುವಾಗುವ ನಂಬರ್. ನನಗೂ ಅದೇ ಬಂತು. ನಿಯಮ ಇರೋದೇ ಹಾಗೆ, ಓದದೆ ಇದ್ದವನು ನಾನು.

ಕ್ಯೂ ಬಂದರೆ ಏನಾಯಿತು, ಓಡಿಸಬಹುದಲ್ಲ ಅಂತ ನೀವು ಕೇಳಬಹುದು. ಓಡಿಸಬಹುದು. ಆದರೆ ಪ್ಲೇಟ್ ನೋಡಿದವರಿಗೆಲ್ಲ ಈ ಕಾರಿನ ಮೂಲ ಗೊತ್ತಿಲ್ಲ ಅಂತ ತಿಳಿಯುತ್ತದೆ. ಇನ್ಶೂರೆನ್ಸಿಗೆ ಏಳು ಕಡೆ ಫೋನ್ ಮಾಡಿದೆ. ಕ್ಯೂ ಅಂದ ತಕ್ಷಣ ನಾಲ್ಕು ಕಡೆ ಆಗಲ್ಲ ಅಂದರು. ಕೊಳ್ಳುತ್ತೇನೆ ಅಂತ ಬಂದ ಒಬ್ಬರು ಓಡಿಸಿ ನೋಡಿ ಕುಣಿದಾಡಿದರು, ಪ್ಲೇಟ್ ನೋಡಿ ಬೆಲೆಯನ್ನು ನಾನು ಹೇಳಿದ್ದರ ಅರ್ಧಕ್ಕೆ ಇಳಿಸಿದರು. ನಾನು ಕೊಡಲಿಲ್ಲ.

ಹಾಗಾಗಿ ಕಟ್ಟಲೇಬೇಕು ಅನ್ನುವವರು ಸ್ಪ್ಯಾನರ್ ಮುಟ್ಟುವ ಮೊದಲು ಡೋನರಿನ ವಿ5ಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಲಾಗ್‌ಬುಕ್ ಅಟ್ಟದ ಮೇಲಿದೆ, ಆಮೇಲೆ ಕಳಿಸ್ತೀನಿ ಅನ್ನುವವರಿಂದ ಕಾರು ತರಬೇಡಿ. ಕಾರಿನ ಮೇಲೆ ಸಾಲ ಇದೆಯಾ ಅಂತ ಮೊದಲೇ ನೋಡಿ. ರಸ್ತೆಯಿಂದ ಇಳಿಸಿದ ದಿನವೇ ಸಾರ್ನ್ (ಕಾರು ರಸ್ತೆಯ ಮೇಲಿಲ್ಲ ಅನ್ನುವ ಘೋಷಣೆ) ಮಾಡಿ. ಬಿಚ್ಚುವ ಪ್ರತಿ ಭಾಗದ ಫೋಟೋ ತೆಗೆಯಿರಿ, ಎಂಜಿನ್ ನಂಬರ್, ಚಾಸಿ ನಂಬರ್ ಕಾಣುವ ಹಾಗೆ, ಎರಡು ಜಾಗದಲ್ಲಿ ಉಳಿಸಿ. ಉಳಿದ ಬಾಡಿಯನ್ನು ಹೇಗೆ ವಿಲೇವಾರಿ ಮಾಡಬೇಕು ಅಂತ ಮೊದಲು ಡಿವಿಎಲ್‌ಎಗೆ ಬರೆದು ಕೇಳಿ, ಉತ್ತರ ಬಂದ ಮೇಲೆ ಗುಜರಿಯವನನ್ನು ಕರೆಯಿರಿ. ಅಜ್ಜಿ ಏನಂದರೂ ಸರಿ, ಅಲ್ಲಿವರೆಗೆ ಅದು ಅಂಗಳದಲ್ಲೇ ಇರಲಿ.

ಇದನ್ನೇ ಊರಿನಲ್ಲಿ ಮಾಡಬಹುದಾ, ಹಳೇ ಜೀಪಿನ ಮೇಲೆ ಹೊಸ ಬಾಡಿ ಕಟ್ಟಿಸಿದರೆ ಹೇಗೆ ಅಂತ ಶಿವಮೊಗ್ಗದ ಗೆಳೆಯರು ಕೇಳುತ್ತಾರೆ. ಅಲ್ಲಿ ಐವಿಎಯಂಥ ದಾರಿಯೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಜಾತ್ರೆಯಲ್ಲಿ ಮೆರೆಸಿದ ಮರುದಿನ ಸ್ಟೇಷನ್ ಮುಂದೆ ನಿಂತಿರುತ್ತೆ, ಅಷ್ಟೇ.

ಒಂದು ಹೇಳೋದು ಉಳಿಯಿತು. ಮಗಳ ಹೆಸರಿನ ಅಕ್ಷರ ಇರುವ ಪ್ರೈವೇಟ್ ನಂಬರೊಂದನ್ನು ಈ ಕಾರಿಗೆ ಅಂತಲೇ ಮೊದಲೇ ಕೊಂಡಿಟ್ಟಿದ್ದೆ. ಕ್ಯೂ ನಂಬರಿನ ಗಾಡಿಗೆ ಪ್ರೈವೇಟ್ ನಂಬರ್ ಹಾಕುವ ಹಾಗಿಲ್ಲ. ಅದು ಈಗ ನನ್ನ ಹೆಂಡತಿ ಆಫೀಸಿಗೆ ಓಡಿಸುವ ಯಾರಿಸ್ ಮೇಲಿದೆ. ತರಕಾರಿ ತರಲು ಹೋದಾಗಲೆಲ್ಲ ಅದನ್ನು ನೋಡುತ್ತೇನೆ, ಅವಳು ಏನೂ ಅನ್ನುವುದಿಲ್ಲ.