ಮೂರು ವರ್ಷದಿಂದ ಸೊಳ್ಳೆ ಪರದೆಯೊಳಗೆ: ಸೆಕೆ ಇದೆ, ಹೊಗೆ ಇಲ್ಲ

ಮೊದಲು ದೂರನ್ನೇ ಹೇಳಿಬಿಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಪರದೆಯೊಳಗೆ ಮಲಗುವುದು ಕಷ್ಟ. ಮೇಲೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಗಾಳಿ ಅರ್ಧವೂ ಒಳಗೆ ಬರುವುದಿಲ್ಲ. ಕರೆಂಟ್ ಹೋದರೆ ಕಥೆ ಮುಗಿಯಿತು. ಕಳೆದ ಮೇಯಲ್ಲಿ ಎರಡು ರಾತ್ರಿ ಸಿಟ್ಟು ಬಂದು ಚಾಪೆ ಹಿಡಿದು ಚಾವಡಿಗೆ ಹೋಗಿ ಮಲಗಿದೆ. ಬೆಳಗಾಗುವಾಗ ಕೈಕಾಲೆಲ್ಲ ದದ್ದು.

ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ, ಅಡಿಕೆ ತೋಟದ ನಡುವೆ. ನುಸಿ, ಅಂದರೆ ಸೊಳ್ಳೆ, ಇಲ್ಲದ ತಿಂಗಳೇ ಇಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಕಿಟಕಿ ಹಾಕಿ, ಮಂಚದ ಅಡಿಗೆ ಸೊಳ್ಳೆ ಕಾಯಿಲ್ ಇಡುವುದು ಅಮ್ಮನ ಕೆಲಸವಾಗಿತ್ತು. ಎಷ್ಟೋ ವರ್ಷದ ರೂಢಿ. ಮಗಳಿಗೆ ಐದು ವರ್ಷ ಆಗುವ ಹೊತ್ತಿಗೆ ರಾತ್ರಿ ಕೆಮ್ಮು ಶುರುವಾಯಿತು, ಬಿಡಲೇ ಇಲ್ಲ. ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ ಮೊದಲ ಪ್ರಶ್ನೆ, "ಕೋಣೆಯಲ್ಲಿ ರಾತ್ರಿ ಏನು ಉರಿಸುತ್ತೀರಿ?"

ಮನೆಗೆ ಬಂದು ಓದಿದೆ. ಚೀನಾ, ಮಲೇಷ್ಯಾದ ಕಾಯಿಲ್‌ಗಳನ್ನು ಉರಿಸಿ ನೋಡಿದ ಒಂದು ಅಧ್ಯಯನ 2003ರಲ್ಲಿ ಬಂದಿದೆ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಹೊರಬರುತ್ತದಂತೆ. ನಾವು ಮಗುವನ್ನು ಅದರ ಮೇಲೆಯೇ ಮಲಗಿಸುತ್ತಿದ್ದೆವು.

ಅಮ್ಮನಿಗೆ ಇದನ್ನು ಹೇಳಿದಾಗ ಅವರು ತುಂಬ ಹೊತ್ತು ಮಾತಾಡಲಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುತ್ತಿದ್ದರು. ಆಗ ಓಡಿ ಹೋಗಿ ಬಾವಿಗೆ ತೆಂಗಿನ ಮಡಲು ಮುಚ್ಚಿದವರಲ್ಲಿ ನಮ್ಮ ಅಮ್ಮನೂ ಒಬ್ಬರು. ಸುಪ್ರೀಂ ಕೋರ್ಟ್ ಆ ವಿಷವನ್ನೇ ದೇಶದಲ್ಲಿ ನಿಷೇಧಿಸಿದ್ದು 2011ರಲ್ಲಿ. ಅಷ್ಟರಲ್ಲಿ ನಮ್ಮ ಎಣ್ಮಕಜೆಯ ಎಷ್ಟು ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಿದ್ದರು. ಆಕಾಶದಿಂದ ಬೀಳುವ ವಿಷಕ್ಕೆ ನಮ್ಮ ಕೈಯಲ್ಲಿ ಮಡಲು ಬಿಟ್ಟರೆ ಬೇರೇನೂ ಇರಲಿಲ್ಲ. ಕೋಣೆಯೊಳಗಿನದು ಹಾಗಲ್ಲ, ಅಲ್ವಾ?

ಕಾಯಿಲ್ ಬಿಟ್ಟು ಮೊದಲು ಪ್ಲಗ್‌ಗೆ ಸಿಕ್ಕಿಸುವ ಲಿಕ್ವಿಡ್ ತಂದೆವು. ಹೊಗೆ ಇಲ್ಲ ಅಂತ ಸಮಾಧಾನ. ಒಂದು ಮಧ್ಯಾಹ್ನ ಎರಡು ವರ್ಷದ ಮಗ ಬಾಟಲಿ ಕಿತ್ತು ಕೈಯಲ್ಲಿ ಹಿಡಿದು ಕೂತಿದ್ದ. ಬಾಯಿಗೆ ಹೋಗಿರಲಿಲ್ಲ, ದೇವರ ದಯೆ. ಇಂಥ ದ್ರವದಲ್ಲಿ ಸೀಮೆಎಣ್ಣೆಯ ಜಾತಿಯ ಎಣ್ಣೆ ಇರುತ್ತದೆ. ನುಂಗಿದರೆ ವಾಂತಿ ಮಾಡಿಸಲೇಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕು. ಇದನ್ನು ದಯವಿಟ್ಟು ನೆನಪಿಡಿ.

ಮರುದಿನವೇ ಕಾಸರಗೋಡಿಗೆ ಹೋಗಿ "ಕೊತುಗುವಲ ಉಂಡೋ" (ಸೊಳ್ಳೆ ಪರದೆ ಉಂಟಾ) ಅಂತ ಮಲಯಾಳದಲ್ಲಿ ಕೇಳಿ ಈ ಪರದೆ ತಂದೆ. 650 ರೂಪಾಯಿ. ನಾಲ್ಕು ಮೂಲೆಗೆ ದಾರ ಇರುವ ಸಾದಾ ಪಾಲಿಯೆಸ್ಟರ್. ಜಿಪ್ ಇರುವ ಮಡಚುವ ಡೇರೆ ಬೇಡ ಅಂದೆ, ಇಬ್ಬರು ಮಕ್ಕಳ ಕೈಯಲ್ಲಿ ಜಿಪ್ ಉಳಿಯುವುದಿಲ್ಲ.

ಆರು ಗಂಟೆಗೆ ಮೊದಲೇ ಪರದೆ ಇಳಿಸುತ್ತೇವೆ. ಅಂಚನ್ನು ಹಾಸಿಗೆ ಅಡಿಗೆ ಸಿಕ್ಕಿಸುವುದು ಮಗಳ ಕೆಲಸ. ತಲೆ ಕಡೆಯಿಂದ ಶುರುಮಾಡಿ ಒಂದು ಸುತ್ತು ಬರುತ್ತಾಳೆ. ಮಲಗುವ ಮೊದಲು ಒಳಗೆಲ್ಲ ಟಾರ್ಚ್ ಬಿಟ್ಟು ನೋಡುತ್ತಾಳೆ, ತಮ್ಮನ ಕಿವಿಯ ಹಿಂದೆಯೂ. ಕೊನೆಗೆ ನುಸುಳುವವಳು ನಾನು, ನನ್ನ ಹಿಂದಿನ ಅಂಚನ್ನೂ ಅವಳೇ ಸಿಕ್ಕಿಸಬೇಕು. ಬೆಳಗ್ಗೆ ಸುರುಳಿ ಸುತ್ತಿ ಮೇಲಕ್ಕೆತ್ತಿ ಎರಡು ಬಟ್ಟೆ ಕ್ಲಿಪ್ ಹಾಕಿದರೆ ಆಯಿತು.

ನಾನು ಎಣಿಸದೇ ಇದ್ದ ಸುಖ ಒಂದುಂಟು. ಈಗ ಕಿಟಕಿ ತೆರೆದೇ ಮಲಗುತ್ತೇವೆ! ಮಳೆಗಾಲದಲ್ಲಿ ಕಪ್ಪೆ ಕೂಗು, ಒದ್ದೆ ಮಣ್ಣಿನ ವಾಸನೆ. ಬೇಸಗೆಯಲ್ಲಿ ಅಂಗಳದ ರೆಂಜೆ ಹೂವಿನ ಪರಿಮಳ ನೇರ ತಲೆದಿಂಬಿಗೆ ಬರುತ್ತದೆ. ಇಷ್ಟು ವರ್ಷ ಆ ಮರ ಅಲ್ಲೇ ಇತ್ತು, ನಮ್ಮ ಮೂಗಿಗೆ ಕಾಯಿಲ್ ಬಿಟ್ಟು ಬೇರೆ ಏನೂ ಗೊತ್ತಿರಲಿಲ್ಲ. ಮಗಳ ರಾತ್ರಿ ಕೆಮ್ಮು ಎರಡು ತಿಂಗಳಲ್ಲಿ ತುಂಬ ಕಡಿಮೆಯಾಯಿತು.

ಸೆಕೆಗೆ ಕಂಡುಕೊಂಡ ದಾರಿ, ಟೇಬಲ್ ಫ್ಯಾನನ್ನು ಕಾಲ ಬದಿಯಲ್ಲಿ ಹಾಸಿಗೆಯ ಎತ್ತರಕ್ಕೇ ಇಡುವುದು. ಮೇಲಿನ ಫ್ಯಾನಿಗಿಂತ ಎಷ್ಟೋ ವಾಸಿ. ಅಮ್ಮ ಮಾತ್ರ ಇನ್ನೂ "ಗೂಡಿನೊಳಗೆ ಮಲಗಿದ ಹಾಗೆ ಆಗ್ತದೆ" ಅನ್ನುತ್ತಾರೆ. ರಾತ್ರಿ ಎರಡು ಸಲ ಏಳಬೇಕಾದ ಅವರಿಗೆ ಅದು ನಿಜಕ್ಕೂ ಕಷ್ಟ. ಅವರ ಕಿಟಕಿಗೆ ಬಲೆ ಹೊಡೆಸಿದ್ದೇವೆ.

ನಾವು ಪರದೆ ಇಳಿಸುವುದು ರಾತ್ರಿಗೆ ಮಾತ್ರ. ಡೆಂಗ್ಯೂ ತರುವ ನುಸಿ ಹಗಲು ಕಚ್ಚುತ್ತದೆ. ಮೊಟ್ಟೆಯಿಂದ ನುಸಿಯಾಗಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ಪ್ರತಿ ಭಾನುವಾರ ತೋಟದಲ್ಲಿ ಬಿದ್ದ, ನೀರು ನಿಲ್ಲುವ ಅಡಿಕೆ ಹಾಳೆ, ಗೆರಟೆ, ರಬ್ಬರ್ ಹಾಲಿನ ಕಪ್ ಎಲ್ಲ ಕವುಚಿ ಹಾಕುತ್ತೇವೆ. ಹಗಲು ಮಲಗುವ ಮಗುವಿದ್ದರೆ ಹಗಲೂ ಪರದೆ ಇಳಿಸಿ.

ಕೊಳ್ಳುವವರು ಅಳತೆ ನೋಡಿ. ಮಂಚಕ್ಕೆ ಸರಿಯಾದದ್ದು ಸಾಲದು, ಸಿಕ್ಕಿಸಲು ಸುತ್ತಲೂ ಒಂದು ಗೇಣು ಜಾಸ್ತಿ ಬೇಕು. ಅಗಲ ಕಡಿಮೆಯಾದರೆ ಮಕ್ಕಳ ಕೈ ಪರದೆಗೆ ಒತ್ತಿಕೊಳ್ಳುತ್ತದೆ, ನುಸಿ ಕೊಲ್ಲುವ ಮದ್ದು ಹಾಕದ ಪರದೆಯಾದರೆ ನುಸಿ ಹೊರಗೆ ಕೂತೇ ಕಚ್ಚುತ್ತದೆ. ಬಣ್ಣ ಬಿಳಿಯದೇ ಇರಲಿ. ಒಳಗೆ ಸಿಕ್ಕಿಬಿದ್ದ ಒಂದು ನುಸಿ ಟಾರ್ಚ್ ಬೆಳಕಿಗೆ ಬೇಗ ಕಾಣುತ್ತದೆ.