ಕುಮಾಮೊಟೊ ಕೋಟೆ: ಗೋಪುರ ಆಮೇಲೆ, ಮೊದ್ಲು ಗೋಡೆ ನೋಡಿ

ದೊಡ್ಡೋರಿಗೆ ಟಿಕೆಟ್ 800 ಯೆನ್, ನನ್ನ ರೇಟಿಂಗ್ 5ಕ್ಕೆ 4. ಜಪಾನ್‌ನ ಕ್ಯೂಶು ಕಡೆ ಹೋದ್ರೆ ಮಿಸ್ ಮಾಡ್ಬೇಡಿ, ಆದ್ರೆ ಫೋಟೋದಲ್ಲಿ ಬರೋ ಆ ಕಪ್ಪು ಗೋಪುರ ಹಳೇದು ಅನ್ಕೊಂಡು ಹೋಗ್ಬೇಡಿ, ಅದು 1960ರಲ್ಲಿ ಕಟ್ಟಿದ ಕಾಂಕ್ರೀಟು. ಮೂಲದ್ದು 1877ರಲ್ಲಿ ಸಮುರಾಯಿಗಳು ಸರ್ಕಾರದ ವಿರುದ್ಧ ಎದ್ದ ದಂಗೆ ಟೈಮಲ್ಲಿ, ಯುದ್ಧ ಶುರುವಾಗೋಕೆ ಸ್ವಲ್ಪ ಮುಂಚೆ ಸುಟ್ಟುಹೋಯ್ತು. ಒಳಗಡೆ ಈಗ ಮ್ಯೂಸಿಯಂ, ಲಿಫ್ಟೂ ಇದೆ, ಮೇಲಿಂದ ಊರು ಚೆನ್ನಾಗಿ ಕಾಣುತ್ತೆ, ಅಷ್ಟೇ.

ಅಸಲಿ ಮಾಲು ಕೆಳಗಿರೋ ಕಲ್ಲಿನ ಗೋಡೆ. ಬುಡದಲ್ಲಿ ಆರಾಮಾಗಿ ಹತ್ತಬಹುದೇನೋ ಅನ್ನೋ ಥರ ಇಳಿಜಾರು, ಮೇಲ್ಮೇಲೆ ಹೋಗ್ತಾ ಹೋಗ್ತಾ ನೆಟ್ಟಗೆ ನಿಂತ್ಬಿಡುತ್ತೆ, ಅಲ್ಲಿಗೆ ಬಂದ ಶತ್ರು ಸೈನಿಕನ ಕಥೆ ಮುಗೀತು. ಇದನ್ನ ಕಟ್ಟಿಸಿದ್ದು ಕಾಟೊ ಕಿಯೊಮಾಸ. 1562ರಲ್ಲಿ ಹುಟ್ಟಿದೋನು, ಚಿಕ್ಕ ವಯಸ್ಸಲ್ಲೇ ಹಿದೆಯೋಶಿ (ಮುಂದೆ ಇಡೀ ಜಪಾನನ್ನ ಹಿಡಿತಕ್ಕೆ ತಗೊಂಡ ದಂಡನಾಯಕ) ಹತ್ರ ಸೇರ್ಕೊಂಡ, 1583ರ ಶಿಜುಗತಾಕೆ ಯುದ್ಧದಲ್ಲಿ ಹೆಸರು ಮಾಡಿದ, 1588ರಲ್ಲಿ ಹಿಗೊ ಪ್ರಾಂತ್ಯದ (ಈಗಿನ ಕುಮಾಮೊಟೊ) ಅರ್ಧ ಸಿಕ್ತು. ಇನ್ನರ್ಧ ಕೊನಿಶಿ ಯುಕಿನಾಗ ಅನ್ನೋ ಕ್ರಿಶ್ಚಿಯನ್ ಸಾಮಂತನಿಗೆ, ಇಬ್ಬರಿಗೂ ಆಗಿಬರ್ತಿರ್ಲಿಲ್ಲ. 1600ರಲ್ಲಿ ಜಪಾನಿನ ಅಧಿಕಾರಕ್ಕೆ ನಡೆದ ಯುದ್ಧದಲ್ಲಿ ಕೊನಿಶಿ ಸೋತ ಪಕ್ಷ, ಇವನು ಗೆದ್ದು ಮುಂದೆ ದೇಶ ಆಳಿದ ತೊಕುಗಾವಾ ಪಕ್ಷ, ಅಲ್ಲಿಗೆ ಅವನ ಪಾಲೂ ಇವನಿಗೇ ಬಂತು.

ನಂಗೆ ತುಂಬಾ ಇಷ್ಟ ಆಗಿದ್ದು ಬಾವಿಗಳು. ಹಿದೆಯೋಶಿ ಕೊರಿಯಾ ಮೇಲೆ ದಂಡೆತ್ತಿ ಹೋದಾಗ ಕಿಯೊಮಾಸ ಮುಂಚೂಣಿಯಲ್ಲಿದ್ದ, 1597ರ ಕೊನೇಲಿ ಉಲ್ಸಾನ್ ಕೋಟೇಲಿ ಚೀನಾದ ಮಿಂಗ್ ಮತ್ತೆ ಕೊರಿಯಾ ಸೈನ್ಯ ಇವನನ್ನ ಸುತ್ತುವರೀತು, ಒಳಗೆ ನೀರಿಲ್ಲ ಊಟ ಇಲ್ಲ ಮೇಲಿಂದ ಕೊರೆಯೋ ಚಳಿ, ಕುದುರೆ ಕೊಂದು ತಿಂದ್ರಂತೆ. ವಾಪಸ್ ಬಂದೋನು ಇಲ್ಲಿ 120 ಬಾವಿ ತೋಡಿಸಿದ ಅಂತಾರೆ, ತತಾಮಿ ಚಾಪೆ ಒಳಗೆ ಒಣಗಿಸಿದ ಕೆಸುವಿನ ದಂಟು ತುಂಬಿಸಿದ್ದ, ಮುತ್ತಿಗೆ ಬಿದ್ರೆ ಚಾಪೇನೇ ಬೇಯಿಸಿ ತಿನ್ಬಹುದು ಅಂತ! ಕಥೆ ಎಷ್ಟು ನಿಜವೋ, ಹಸಿವು ಕಂಡೋನ ಬುದ್ಧಿ ಅಂತೂ ಹೌದು. (ಕುಮಾಮೊಟೊದಲ್ಲಿ ಇವನು ದೇವರು, ಕೊರಿಯಾದೋರಿಗೆ ದಾಳಿಕೋರ. ಅದನ್ನೂ ತಲೇಲಿ ಇಟ್ಕೊಂಡೇ ನೋಡಿ.) ಪಾಪ, 1611ರಲ್ಲಿ ತೀರ್ಕೊಂಡ, 1632ಕ್ಕೆ ಮಗನ ಕೈಯಿಂದ ತೊಕುಗಾವಾ ಸರ್ಕಾರ ರಾಜ್ಯಾನೇ ಕಿತ್ಕೊಂಡು ಹೊಸೊಕಾವಾ ಮನೆತನಕ್ಕೆ ಕೊಡ್ತು. ಆದ್ರೆ ಕೋಟೆ ಮಾತ್ರ 1877ರಲ್ಲಿ ದಂಗೆಯ ನಾಯಕ ಸೈಗೊ ತಕಮೋರಿಯ ಸಮುರಾಯಿಗಳು ಐವತ್ತು ದಿನ ಹತ್ರ ಮುತ್ತಿಗೆ ಹಾಕಿದ್ರೂ ಬೀಳ್ಲಿಲ್ಲ.

ಒಂದು ಸ್ಟಾರ್ ಕಟ್ ಮಾಡಿದ್ದು ರಿಪೇರಿಗೆ. 2016ರ ಏಪ್ರಿಲ್ ಭೂಕಂಪದಲ್ಲಿ ತುಂಬಾ ಕಡೆ ಗೋಡೆ ಕುಸೀತು, ಗೋಪುರ 2021ರಲ್ಲಿ ತೆರೆದ್ರು, ಪೂರ್ತಿ ಕೆಲಸ ಮುಗಿಯೋದು 2052ಕ್ಕಂತೆ. ಬಿದ್ದ ಕಲ್ಲಿಗೆಲ್ಲ ನಂಬರ್ ಹಾಕಿ, ಹಳೇ ಫೋಟೋ ನೋಡ್ಕೊಂಡು ಅದೇ ಕಲ್ಲನ್ನ ಅದೇ ಜಾಗಕ್ಕೆ ಕೂರಿಸ್ತಾರೆ. ಹಾಗಾಗಿ ತುಂಬಾ ಜಾಗ ಬಂದ್, ಎತ್ತರಿಸಿದ ದಾರಿ ಮೇಲಿಂದ ನೋಡ್ಕೊಂಡು ಹೋಗ್ಬೇಕು. ಸಾಲಾಗಿ ಜೋಡಿಸಿಟ್ಟ ನಂಬರ್ ಹಾಕಿದ ಕಲ್ಲು ನೋಡೋದೇ ಒಂದು ಮಜಾ ಅನ್ನೋದಾದ್ರೆ ಆ ಸ್ಟಾರೂ ಸೇರಿಸ್ಕೊಳ್ಳಿ.

ಸಸ್ಯಾಹಾರಿಗಳೇ ಹುಷಾರು, ಊರಿನ ಸ್ಪೆಷಲ್ಲೇ ಹಸಿ ಕುದುರೆ ಮಾಂಸ. ಕೋಟೆ ಬುಡದ ಅಂಗಡಿಗಳಲ್ಲಿ ಇಕಿನಾರಿ ದಾಂಗೊ ಸಿಗುತ್ತೆ, ಗೆಣಸು ಮತ್ತೆ ಸಿಹಿ ಹೂರಣ ಇಟ್ಟು ಹಬೇಲಿ ಬೇಯಿಸಿದ್ದು, ಬಿಸಿಬಿಸಿ ತಿನ್ನಿ. ಟಿಕೆಟ್ ಬೇಡ ಅನ್ನೋರು ಪಕ್ಕದ ಕಾಟೊ ಗುಡಿಗೆ ಹೋಗಿ, ಗೋಪುರದ ಫೋಟೋ ಅಲ್ಲಿಂದ್ಲೇ ಫ್ರೀ.