ಸದ್ದಿಗಿಂತ ಮೊದಲು ಹೊಗೆ: ನನ್ನ 1932ರ ಫೋರ್ಡ್ ಹಾಟ್ ರಾಡ್‌ಗೆ ಹಾಕಿಸಿದ ಹೊಸ ಸೈಲೆನ್ಸರ್

ಕಳೆದ ಮೇ ತಿಂಗಳಲ್ಲಿ ದಾವಣಗೆರೆಯಿಂದ ನಮ್ಮತ್ತೆ ಬಂದಿದ್ದರು. ಒಂದು ಭಾನುವಾರ ಅವರನ್ನು ನನ್ನ ಹಳೆಯ ಮಾದರಿಯ, ದೊಡ್ಡ ಎಂಜಿನ್ನಿನ ಕಾರಾದ ಹಾಟ್ ರಾಡ್‌ನಲ್ಲಿ ಕೂರಿಸಿಕೊಂಡು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಮನೆಯಿಂದ ನೈಲ್ಸ್ ಕಣಿವೆಯ ದಾರಿ ಹಿಡಿದು ಪ್ಲೆಸಂಟನ್‌ಗೆ ಹೊರಟೆ. ಕಣಿವೆಯ ಬಂಡೆಗಳಿಗೆ ಬಡಿದು ಎಂಜಿನ್ನಿನ ಸದ್ದು ವಾಪಸು ಬರುತ್ತಿತ್ತು. ಸುನೋಲ್ ದಾಟುವಷ್ಟರಲ್ಲಿ ಅತ್ತೆ ಮಾತು ನಿಲ್ಲಿಸಿದರು. ಸದ್ದಿನಲ್ಲಿ ಏನೂ ಕೇಳಿಸದೆಂದು ಸುಮ್ಮನಾಗಿದ್ದಾರೆ ಅಂದುಕೊಂಡೆ. ಸೆಖೆಯೂ ಇತ್ತು, ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದೆ. ಊರು ತಲುಪಿ ಗಾಡಿ ನಿಲ್ಲಿಸಿದಾಗ ಅವರು ಬಾಗಿಲು ಹಿಡಿದುಕೊಂಡೇ ನಿಂತರು. “ಗಾಡಿ ಚೆಂದ ಇದೆ ಕಣಮ್ಮ. ಆದರೆ ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳಸುತ್ತಿದೆ. ಸೀರೆಯೆಲ್ಲ ಪೆಟ್ರೋಲ್ ವಾಸನೆ” ಎಂದರು. ಅವರ ಸೆರಗನ್ನು ಮೂಗಿನ ಬಳಿ ಹಿಡಿದು ನೋಡಿದೆ. ನಿಜ.

ನಾನು ಆಸ್ಪತ್ರೆಯ ಶ್ವಾಸಕೋಶ ವಿಭಾಗದಲ್ಲಿ ಕೆಲಸ ಮಾಡುವವಳು. ಕೈಚೀಲದಲ್ಲಿದ್ದ ಆಕ್ಸಿಮೀಟರ್ ಅವರ ಬೆರಳಿಗೆ ಹಾಕಿದೆ, 98 ತೋರಿಸಿತು. ಆ ಅಂಕಿಯನ್ನು ನಾನು ನಂಬಲಿಲ್ಲ. ಎಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಸೇರಿದ ರಕ್ತವೂ ಬೆರಳಿಗೆ ಹಾಕುವ ಸಾಧಾರಣ ಆಕ್ಸಿಮೀಟರ್‌ಗೆ ಆಮ್ಲಜನಕ ಸೇರಿದ ರಕ್ತದ ಹಾಗೆಯೇ ಕಾಣಿಸುತ್ತದೆ. ಆ ಅನಿಲ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸಾಮಾನ್ಯ ಗಾಳಿ ಉಸಿರಾಡುತ್ತಿದ್ದರೆ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆ ಬೇಕು. ಅವರನ್ನು ಮರದ ನೆರಳಿನಲ್ಲಿ ಕೂರಿಸಿದೆ. ಒಂದು ಗಂಟೆಯಾದ ಮೇಲೆ ತಲೆನೋವು ಇಳಿಯತೊಡಗಿತು. ವಾಪಸು ಬರಲು ಗಂಡನ ಕಾರನ್ನು ತರಿಸಿಕೊಂಡೆವು. ಎರಡು ವರ್ಷದಿಂದ ಪ್ರತಿ ಸವಾರಿಯ ನಂತರ ನನಗೂ ಬರುತ್ತಿದ್ದ ಮಂಕು ತಲೆನೋವನ್ನು ಬಿಸಿಲಿನದೆಂದು ತಳ್ಳಿಹಾಕಿದ್ದೆನಲ್ಲ, ಆ ತಪ್ಪು ನನ್ನದೇ.

ಗಾಡಿಯ ಬಗ್ಗೆ ಎರಡು ಮಾತು. 1932ರ ಫೋರ್ಡ್ ಕೂಪೆಯ ಆಕಾರದ ಫೈಬರ್‌ಗ್ಲಾಸ್ ಮೈ, ಒಳಗೆ ಶೆವರ್ಲೆಯ 350 ಘನ ಇಂಚಿನ ವಿ8 ಎಂಜಿನ್. ಹಗುರವಾದ ಹಳೆಯ ಫೋರ್ಡ್‌ಗೆ ದೊಡ್ಡ ಎಂಜಿನ್ ಕೂರಿಸಿ ಓಡಿಸುವುದು ದಕ್ಷಿಣ ಕ್ಯಾಲಿಫೋರ್ನಿಯಾದ ಒಣಕೆರೆಗಳ ಮೇಲೆ 1930ರ ದಶಕದಿಂದಲೂ ಬೆಳೆದ ಹುಚ್ಚು. ನನ್ನ ತಂದೆ ಚಿತ್ರದುರ್ಗದಲ್ಲಿ ಲಾರಿ ಇಟ್ಟಿದ್ದರು. ಎಂಜಿನ್ ಸದ್ದು ಕೇಳಿಯೇ ಬೆಳೆದ ನನಗೆ ಈ ಹುಚ್ಚು ಹತ್ತಲು ಹೆಚ್ಚು ದಿನ ಬೇಕಾಗಲಿಲ್ಲ. ಹಿಂದಿನ ಮಾಲೀಕರು ಎರಡು ಗ್ಲಾಸ್‌ಪ್ಯಾಕ್ ಸೈಲೆನ್ಸರ್ ಹಾಕಿಸಿ, ಕೊಳವೆಗಳನ್ನು ಹಿಂದಿನ ಆಕ್ಸಲ್ಲಿಗೂ ಮುಂಚೆಯೇ, ಸೀಟಿನ ಕೆಳಗೆ ಮುಗಿಸಿದ್ದರು. ಕಾಯಿಲೆಯ ಒಂದು ಮೂಲ ಅದೇ ಎಂದು ಗೊತ್ತಾಗಿದ್ದು ಆಮೇಲೆ.

ಮೊದಲು ಹೋದ ಅಂಗಡಿಯ ಹೆಸರು ಬೇಡ. ಅವರು ಗಾಡಿಯ ಕೆಳಗೆ ಬಗ್ಗಿಯೂ ನೋಡದೆ, ಸದ್ದು ಕಡಿಮೆ ಮಾಡುವ ಸೈಲೆನ್ಸರ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಬೆಲೆ ಬರೆದುಕೊಟ್ಟರು. ನಾನು ಒಪ್ಪಲಿಲ್ಲ. ಸದ್ದು ತಗ್ಗಿದ ಗಾಡಿಯೂ ಒಳಗೆ ಕೂತವರಿಗೆ ವಿಷ ಉಣಿಸಬಲ್ಲದು.

ಎರಡನೆಯದು ಹೇವರ್ಡ್‌ನ ಚಿಕ್ಕ ಅಂಗಡಿ. ಇಬ್ಬರೇ ಕೆಲಸಗಾರರು, ಒಂದೇ ಲಿಫ್ಟ್. ಹೆಸರು ಹಾಕಬೇಡಿ, ಇರುವ ಕೆಲಸವೇ ಮುಗಿಯುತ್ತಿಲ್ಲ ಎಂದು ಮಾಲೀಕರು ಕೇಳಿಕೊಂಡಿದ್ದಾರೆ. ಅವರು ಸ್ಪಾನರ್ ಮುಟ್ಟುವ ಮೊದಲು ನನ್ನ ಪಕ್ಕದ ಸೀಟಿನಲ್ಲಿ ಕೂತು, “ನಡೆಯಿರಿ, ಹತ್ತು ಮೈಲಿ ಹೋಗಿ ಬರೋಣ” ಎಂದರು. ಸಣ್ಣ ವಿಮಾನಗಳ ಪೈಲಟ್‌ಗಳು ಇಟ್ಟುಕೊಳ್ಳುವಂಥ ಕಾರ್ಬನ್ ಮಾನಾಕ್ಸೈಡ್ ಮೀಟರ್ ನನ್ನ ಬಳಿ ಆಗಲೇ ಇತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಹತ್ತು ಲಕ್ಷ ಭಾಗ ಗಾಳಿಗೆ 38. ಕಿಟಕಿ ಮುಚ್ಚಿ ಹೆದ್ದಾರಿಯಲ್ಲಿ 45. ಗಾಜು ಇಳಿಸಿದೊಡನೆ 62. ಮನೆಗೆ ಹಾಕುವ ಅಲಾರಂ ಕೊಂಡಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಅದು 70ರ ಮಟ್ಟದಲ್ಲೂ ಬಾಯಿ ಬಿಡಲು ಒಂದರಿಂದ ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಇಲ್ಲಿನ ಪರಿಸರ ಇಲಾಖೆ ಎಂಟು ಗಂಟೆಯ ಸರಾಸರಿಗೆ ಇಟ್ಟಿರುವ ಮಿತಿ ಹತ್ತು ಲಕ್ಷಕ್ಕೆ 9. ಅಂಕಿ ತೋರಿಸುವ ಮೀಟರನ್ನೇ ಕೊಳ್ಳಿ, ಬೇರೆ ಏನು ಕೊಂಡರೂ ಕೊಳ್ಳದಿದ್ದರೂ.

ಗಾಜು ಇಳಿಸಿದರೆ ಏರುವುದೇಕೆ? ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ತಗ್ಗುತ್ತದೆ, ಹೊಗೆ ಅಲ್ಲಿ ಸುಳಿಯುತ್ತ ನಿಲ್ಲುತ್ತದೆ. ಪಕ್ಕದ ಕಿಟಕಿ ತೆರೆದಾಗ ಒಳಗಿನ ಗಾಳಿ ಹೊರಗೆ ಸೆಳೆಯಲ್ಪಟ್ಟು, ಆ ಜಾಗ ತುಂಬಲು ಡಿಕ್ಕಿಯ ಸಂದಿ, ನೆಲದ ತೂತುಗಳಿಂದ ಹೊಗೆ ನುಗ್ಗುತ್ತದೆ. ಅತ್ತೆಗೆ ಗಾಳಿಯಾಡಲಿ ಎಂದು ನಾನು ಮಾಡಿದ್ದು ನೇರ ಉಲ್ಟಾ ಕೆಲಸ.

ಸೋರಿಕೆ ಹುಡುಕಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಇದಕ್ಕೆ ದುಡ್ಡೇ ಬೇಕಿಲ್ಲ. ನಮ್ಮಪ್ಪ ಲಾರಿಯ ಹೊಗೆ ಕೊಳವೆಯ ಬಾಯಿಗೆ ದಪ್ಪ ಬಟ್ಟೆ ಒತ್ತಿ ಹಿಡಿದು, ಎಲ್ಲಿ ಬುಸ್ ಎನ್ನುತ್ತದೆ ಎಂದು ಕ್ಲೀನರ್ ಹುಡುಗನಿಗೆ ಕೇಳಿಸಿಕೊಳ್ಳಲು ಹೇಳುತ್ತಿದ್ದರು. ಹೇವರ್ಡ್‌ನವರು ಮಾಡಿದ್ದೂ ಹೆಚ್ಚುಕಡಿಮೆ ಅದೇ. ತಣ್ಣಗಿದ್ದ ಎಂಜಿನ್ನಿನ ಕೊಳವೆಯೊಳಗೆ ವ್ಯಾಕ್ಯೂಮ್ ಕ್ಲೀನರಿನ ಗಾಳಿಯನ್ನು ಹಿಂದಿನಿಂದ ಊದಿಸಿ, ಪ್ರತಿ ಜೋಡಣೆಯ ಮೇಲೂ ಸೋಪಿನ ನೀರು ಎರಚಿದರು. ಯು ಬೋಲ್ಟ್ ಬಿಗಿದಿದ್ದ ಎರಡು ಕಡೆ ನೊರೆ ಎದ್ದಿತು. ಆಮೇಲೆ ಟಾರ್ಚ್ ಹಿಡಿದು ಚಾಲಕನ ಬದಿಯ ಕೊನೆಯ ಸಿಲಿಂಡರ್ ತೋರಿಸಿದರು, 7ನೆಯದು. ಅಲ್ಲಿ ಎಂಜಿನ್ನಿನಿಂದ ಹೊಗೆ ಹೊರತರುವ ಕೊಳವೆಗಳ ಗೊಂಚಲು, ಅಂದರೆ ಹೆಡರ್ ಸೇರುವ ಕಡೆ ಬೆರಳಗಲದ ಕಪ್ಪು ಮಸಿಯ ಗೆರೆ, ಬಾಣಲೆಯ ತಳದಂತೆ. ಬೆಳಿಗ್ಗೆ ಎಂಜಿನ್ ಹಾಕಿದಾಗ ಟಿಕ್ ಟಿಕ್ ಎಂದು ಕೇಳಿ, ಬಿಸಿಯಾದ ಮೇಲೆ ಲೋಹ ಹಿಗ್ಗಿ ನಿಂತುಹೋಗುತ್ತಿದ್ದ ಸದ್ದು ಇದೇ. ಕವಾಟದ್ದೆಂದು ನಾನು ತಿಳಿದಿದ್ದೆ. ಪ್ಯಾಕಿಂಗ್ ಸುಟ್ಟುಹೋಗಿತ್ತು. ಅದರಿಂದ ಒಂದು ಗೇಣು ದೂರದಲ್ಲಿ, ಸ್ಟೀರಿಂಗ್ ದಂಡ ಒಳಗೆ ಬರುವ ಕಡೆ, ರಬ್ಬರ್ ಹರಿದು ತೂತು ಬಾಯಿ ತೆರೆದಿತ್ತು. ನನ್ನ ಮೊಣಕಾಲ ಮೇಲೆಯೇ ಹೊಗೆ ಬರುತ್ತಿತ್ತು.

ಡಿಕ್ಕಿಯ ಮುಚ್ಚಳದ ರಬ್ಬರಿಗೆ ಒಂದು ಡಾಲರ್ ನೋಟು ಸಿಕ್ಕಿಸಿ ಮುಚ್ಚಿ ಎಳೆದರು. ಮೂರು ಕಡೆ ಬಿಗಿಯಾಗಿತ್ತು, ನಾಲ್ಕನೆಯ ಕಡೆ ನೋಟು ಜಾರಿ ಬಂತು. ಎಂಜಿನ್ನಿನ ಕವಾಟದ ಕವರಿನ ಮೇಲೆ ಬರೀ ತೆರೆದ ಬ್ರೀದರ್ ಇತ್ತು. ಎಣ್ಣೆಯ ಆವಿ ನೇರ ಗಾಳಿಗೆ. 1961ರ ಮಾದರಿಯಿಂದಲೇ ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾರುಗಳಿಗೆ ಕಡ್ಡಾಯವಾಗಿದ್ದ ಪಿಸಿವಿ ಕವಾಟ ಇದಕ್ಕಿರಲಿಲ್ಲ. ಕೆಲವೇ ಡಾಲರಿನ ಆ ಕವಾಟ ಹಾಕಿ ಆವಿಯನ್ನು ಮತ್ತೆ ಎಂಜಿನ್ನಿಗೇ ತಿರುಗಿಸಿದರು. ಪ್ಲಗ್‌ಗಳು ಕಪ್ಪಗಿದ್ದವು, ಅಂದರೆ ಪೆಟ್ರೋಲ್ ಹೆಚ್ಚಾಗಿ ಕುಡಿಯುತ್ತಿತ್ತು. ಪೆಟ್ರೋಲ್ ಕಡಿಮೆ ಬೀಳುವಂತೆ ಕಾರ್ಬ್ಯುರೇಟರಿನ ಫ್ಲೋಟ್ ಮಟ್ಟ ಇಳಿಸಿ ಜೆಟ್ ಬದಲಿಸಿದರು. ಗಾಳಿ ಸಾಲದೆ ಅರೆಬರೆ ಸುಟ್ಟ ಪೆಟ್ರೋಲಿನಿಂದಲೇ ಕಾರ್ಬನ್ ಮಾನಾಕ್ಸೈಡ್ ಹುಟ್ಟುವುದು. ಆ ಅನಿಲಕ್ಕೆ ವಾಸನೆಯಿಲ್ಲ; ಸೀರೆಗೆ ಹತ್ತಿದ್ದು ಸುಡದೆ ಉಳಿದ ಪೆಟ್ರೋಲಿನದು. ಆ ವಾಸನೆಯಾದರೂ ಇದ್ದದ್ದು ನಮ್ಮ ಪುಣ್ಯ.

ಇನ್ನು ಸದ್ದು. ಬಿಚ್ಚಿದ ಗ್ಲಾಸ್‌ಪ್ಯಾಕನ್ನು ನನ್ನೆದುರೇ ಉದ್ದಕ್ಕೆ ಸೀಳಿದರು. ತೂತುಗಳ ಕೊಳವೆಯ ಸುತ್ತ ಗಾಜಿನ ಹತ್ತಿ ತುಂಬಿರಬೇಕಿತ್ತು. ಒಂದು ಮುಷ್ಟಿಯಷ್ಟು ಬೂದು ಬಣ್ಣದ ಚಿಂದಿ ಉಳಿದಿತ್ತು, ಮುಟ್ಟಿದರೆ ಪುಡಿ. ವರ್ಷದಿಂದ ವರ್ಷಕ್ಕೆ ಗಾಡಿ ಜೋರಾಗುತ್ತ ಹೋಗಿದ್ದರ ಕಾರಣ ಕೈಯಲ್ಲೇ ಸಿಕ್ಕಿತು. ಈಗ ಎರಡೂವರೆ ಇಂಚಿನ ಸ್ಟೇನ್‌ಲೆಸ್ ಕೊಳವೆ, ಎರಡು ಸಾಲುಗಳನ್ನು ಕೂಡಿಸುವ ಎಕ್ಸ್ ಆಕಾರದ ಜೋಡಣೆ, ಅದರ ಹಿಂದೆ ಎರಡು ಮ್ಯಾಗ್ನಾಫ್ಲೋ ಸೈಲೆನ್ಸರ್, ಆಕ್ಸಲ್ ದಾಟಿದ ಮೇಲೆ ವೈಬ್ರಂಟ್ ಕಂಪನಿಯ ಮೊರೆತ ತಗ್ಗಿಸುವ ಅಲ್ಟ್ರಾ ಕ್ವಾಯೆಟ್ ರೆಸೊನೇಟರ್ ಒಂದೊಂದು. ಕೊಳವೆಗಳು ಪೆಟ್ರೋಲ್ ಟ್ಯಾಂಕನ್ನೂ ದಾಟಿ ಗಾಡಿಯ ಮೈಯಿಂದ ಎರಡು ಇಂಚು ಆಚೆ ಮುಗಿಯುತ್ತವೆ. ಟ್ಯಾಂಕಿನ ಬದಿಗೆ ಶಾಖ ತಡೆಯುವ ತಗಡು. ಈ ಗಾಡಿಗಳಲ್ಲಿ ಟ್ಯಾಂಕು ಹಿಂಭಾಗದಲ್ಲೇ ಇರುವುದರಿಂದ ಕೊಳವೆ ಬಾಗಿಸುವುದು ಸುಲಭವಲ್ಲ. ಬೆಂಡುಗಳಲ್ಲಿ ಒಂದೂ ಸುಕ್ಕಿಲ್ಲ, ಬೆಸುಗೆಯ ಗೆರೆ ಹೆಣೆದ ಜಡೆಯಂತಿದೆ.

ಮೊಬೈಲಿನಲ್ಲಿ ಅಳೆದಾಗ ಗಂಟೆಗೆ 60 ಮೈಲಿಯಲ್ಲಿ ಒಳಗೆ 92 ಡೆಸಿಬಲ್ ಇದ್ದದ್ದು 80ಕ್ಕೆ ಇಳಿದಿದೆ. ಮೊಬೈಲಿನ ಲೆಕ್ಕ ಪಕ್ಕಾ ಅಲ್ಲ, ಆದರೆ ಎರಡೂ ಸಲ ಅದೇ ಮೊಬೈಲು, ಅದೇ ರಸ್ತೆ. ಸಣ್ಣ ಗಾಡಿಗಳಿಗೆ ಕ್ಯಾಲಿಫೋರ್ನಿಯಾ ಕಾನೂನಿನ ಮಿತಿ ಹೊರಗಿನಿಂದ ಅಳೆದಾಗ 95. ಈಗ ಪೊಲೀಸರ ಭಯವಿಲ್ಲ. ವಿ8ರ ಆ ಗಡಸು ಗುಡುಗು ಹೋಗಿಲ್ಲ, ಅದು ಹೋದರೆ ಗಾಡಿ ಇಟ್ಟುಕೊಳ್ಳುವುದೇ ಬೇಡ.

ಪೂರ್ತಿ ಸರಿಹೋಗದ ಒಂದು ಸಂಗತಿಯಿದೆ. 1,900 ಆರ್‌ಪಿಎಂ ಸುತ್ತಮುತ್ತ ಎದೆಗೂಡಿನಲ್ಲಿ ಗುಂಯ್ ಎನ್ನುವ ಮೊರೆತ ಇನ್ನೂ ತುಸು ಉಳಿದಿದೆ. ಎಂಟು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ನಾಲ್ಕು ಸಲ ಸಿಡಿಯುತ್ತದೆ, ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 127 ಕಂಪನ. ಅದನ್ನು ಕೊಲ್ಲಲು ತುದಿ ಮುಚ್ಚಿದ, ಸುಮಾರು ಮೂರಡಿ ಉದ್ದದ ಕವಲು ಕೊಳವೆಯೊಂದನ್ನು ಪಕ್ಕಕ್ಕೆ ಬೆಸೆಯಬೇಕು. ಮುಚ್ಚಿದ ತುದಿಗೆ ಬಡಿದು ಮರಳಿದ ಅಲೆ ಮುಂದಿನ ಅಲೆಯನ್ನು ಅಳಿಸುತ್ತದೆ. ಈ ಕಿರಿದಾದ ಚಾಸಿಯಲ್ಲಿ ಅದಕ್ಕೆ ಜಾಗವಿಲ್ಲ. ನಾನು 2,100ಕ್ಕೆ ಏರಿಸಿ ಓಡಿಸುತ್ತೇನೆ.

ನೆಲಕ್ಕೆ ಡೈನಾಮ್ಯಾಟ್ ಹಾಳೆ ಹಾಕಿದ್ದು ನಾನೇ, ಎರಡು ಶನಿವಾರದ ಕೆಲಸ. ಹಿಂದೊಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಡಾಂಬರಿನ ಹಾಳೆ ಹಾಕಿ, ಜುಲೈ ಬಿಸಿಲಿಗೆ ಕರಗಿ ಹೊಸ ರಸ್ತೆಯ ವಾಸನೆ ಬಂದಿತ್ತು. ಇದು ಬ್ಯೂಟೈಲ್ ರಬ್ಬರಿನದು, ವಾಸನೆಯಿಲ್ಲ. ಆದರೆ ಇದು ನೆಲದ ನಡುಕವನ್ನು ತಡೆಯುತ್ತದೆಯೇ ಹೊರತು ಗಾಳಿಯಲ್ಲಿ ಬರುವ ಸದ್ದನ್ನಲ್ಲ. ತೂತುಗಳನ್ನು ಮುಚ್ಚುವ ಮೊದಲು ಹಾಳೆ ಹಾಕಿದರೆ ದುಡ್ಡು ದಂಡ. ಹೆಡರ್‌ಗೆ ಶಾಖದ ಪಟ್ಟಿ ಸುತ್ತಿಸಲು ಕೇಳಿದ್ದೆ. ತೇವ ಹಿಡಿದು ಉಕ್ಕಿಗೆ ತುಕ್ಕು ತಿನ್ನಿಸುತ್ತದೆ ಎಂದು ಮಾಲೀಕರೇ ಬೇಡವೆಂದರು. ಬರುವ ಹಣವನ್ನು ಬೇಡವೆನ್ನುವ ಅಂಗಡಿಯವರು ಎಷ್ಟು ಮಂದಿ ಸಿಗುತ್ತಾರೆ?

ಸಾಮಾನು, ಕೂಲಿ ಸೇರಿ 2,380 ಡಾಲರ್ ಆಯಿತು. ಅಗ್ಗವಲ್ಲ. ಎರಡು ವಾರ ಎಂದವರು ಐದು ವಾರ ಇಟ್ಟುಕೊಂಡರು, ನಡುವೆ ಒಂದು ಫೋನನ್ನೂ ಮಾಡಲಿಲ್ಲ. ಅದು ನನಗೆ ಹಿಡಿಸಲಿಲ್ಲ. ಎಡಗಡೆಯ ಕೊಳವೆ ನಮ್ಮ ಬೀದಿಯ ಉಬ್ಬಿಗೆ ಒಮ್ಮೆ ತಾಗಿತು. ಹೇಳಿದ ದಿನವೇ ರಬ್ಬರ್ ಹ್ಯಾಂಗರ್ ಬದಲಿಸಿ ಅರ್ಧ ಇಂಚು ಎತ್ತಿದರು, ಕಾಸು ತೆಗೆದುಕೊಳ್ಳಲಿಲ್ಲ.

ಆಗಸ್ಟ್‌ನಲ್ಲಿ ಪ್ಲೆಸಂಟನ್‌ನ ಅಲಮೀಡ ಕೌಂಟಿ ಮೈದಾನದಲ್ಲಿ ಗುಡ್‌ಗೈಸ್‌ನವರ ಹಾಟ್ ರಾಡ್ ಸಮಾವೇಶ ಇತ್ತು. ಅತ್ತೆ ಇನ್ನೂ ಇಲ್ಲೇ ಇದ್ದರು. ಕರೆದಾಗ ಸ್ವಲ್ಪ ಯೋಚಿಸಿ, ಹಳೆಯದೊಂದು ಕಾಟನ್ ಸೀರೆ ಉಟ್ಟು ಬಂದರು. ಮತ್ತೆ ಅದೇ ನೈಲ್ಸ್ ಕಣಿವೆ. ದಾರಿಯುದ್ದಕ್ಕೂ ನಾದಿನಿಯ ಹೊಸ ಮನೆಯ ವಿಚಾರ ಹೇಳಿದರು, ನಾನು ಒಮ್ಮೆಯೂ “ಏನಂದಿರಿ?” ಎನ್ನಲಿಲ್ಲ. ವಾಪಸು ಬರುವಾಗ ಸುನೋಲ್ ಹತ್ತಿರ ಅವರ ಮಾತು ನಿಂತಿತು. ಎದೆ ಧಸಕ್ಕೆಂದು ಪಕ್ಕಕ್ಕೆ ತಿರುಗಿ ನೋಡಿದೆ: ಕತ್ತು ವಾಲಿಸಿ ನಿದ್ದೆ ಹೋಗಿದ್ದರು. ಡ್ಯಾಶ್‌ಬೋರ್ಡಿನ ಮೇಲಿನ ಮೀಟರ್ 2 ತೋರಿಸುತ್ತಿತ್ತು.